ಪುಷ್ಯ ಬಹುಳದ ಹತ್ತು ದಿನ: ದಂಡಿನ ಬೆಂಗಳೂರು ಮತ್ತು ವಾಗ್ಗೇಯಕಾರರ ಆರಾಧನೆ

ಕರ್ನಾಟಕ ಸಂಗೀತದಲ್ಲಿ ಹಾಡು ಕಟ್ಟಿದವರನ್ನು ನೆನೆಯುವ ದೊಡ್ಡ ದಿನಗಳು ಎರಡು. ಎರಡೂ ಒಂದೇ ಪಕ್ಷದಲ್ಲಿ ಬರುತ್ತವೆ. ಪುಷ್ಯ ಬಹುಳ ಪಂಚಮಿ ತ್ಯಾಗರಾಜರದು. ಅದಾಗಿ ಹತ್ತು ದಿನಕ್ಕೆ ಬರುವ ಅಮಾವಾಸ್ಯೆ ಪುರಂದರದಾಸರದು. ಇವು ಅವರು ಹುಟ್ಟಿದ ದಿನಗಳಲ್ಲ, ದೇಹ ಬಿಟ್ಟ ದಿನಗಳು. ಈ ಹತ್ತು ದಿನಗಳಲ್ಲಿ, ಅಥವಾ ಅದರ ಆಸುಪಾಸಿನ ಯಾವುದಾದರೂ ಭಾನುವಾರ, ಬೆಂಗಳೂರಿನ ಸಂಗೀತ ಸಭೆಗಳಲ್ಲೂ ದೇವಸ್ಥಾನಗಳಲ್ಲೂ ಮನೆಯ ಮಹಡಿಯ ಸಂಗೀತ ಶಾಲೆಗಳಲ್ಲೂ ಆರಾಧನೆ ನಡೆಯುತ್ತದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಆರಾಧನೆಯ ಬಗ್ಗೆ ಸಾಕಷ್ಟು ಬರೆದದ್ದುಂಟು. ಊರಿನ ಪೂರ್ವದ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಕಡೆಗೆ ಬರಹಗಾರರ ಗಮನ ಹರಿದದ್ದು ಕಡಿಮೆ. ಬಿರುದು, ಪ್ರಶಸ್ತಿ, ಪುತ್ಥಳಿಗಳು ಈ ಸಂಗೀತಕ್ಕೂ ಇವೆ. ಆದರೂ ಅದು ತನ್ನ ಹಿರಿಯರಿಗೆ ಸಲ್ಲಿಸುವ ಮುಖ್ಯ ಗೌರವವೆಂದರೆ ಅವರ ಕೃತಿಗಳನ್ನು ಅವರ ತಿಥಿಯಂದು ಎಲ್ಲರೂ ಒಟ್ಟಿಗೆ ಕುಳಿತು ಹಾಡುವುದು. ಈ ಪದ್ಧತಿ ಬಹಳ ಹಳೆಯದೆಂಬ ಭಾವನೆ ಕೇಳುಗರಲ್ಲಿದೆ. ವಾಸ್ತವವಾಗಿ ಅದು ಇಪ್ಪತ್ತನೆಯ ಶತಮಾನದ ಮೊದಲ ನಲವತ್ತು ವರ್ಷಗಳಲ್ಲಿ, ಪಂಗಡ ಜಗಳಗಳ ನಡುವೆ ರೂಪುಗೊಂಡಿತು. ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು, ತಮ್ಮ ಹೆಸರಿನ ಮೊದಲಿಗೇ ಬೆಂಗಳೂರನ್ನು ಇಟ್ಟುಕೊಂಡಿದ್ದ ಒಬ್ಬ ಗಾಯಕಿ.

ಆರಾಧನೆ ಎಂಬ ಮಾತಿಗೆ ಇಲ್ಲಿ ಪೂಜೆ ಎಂಬುದಕ್ಕಿಂತ ಕಿರಿದಾದ, ಖಚಿತವಾದ ಅರ್ಥವಿದೆ. ಗೃಹಸ್ಥನಾಗಿ ತೀರಿಕೊಂಡವನಿಗೆ ಮಕ್ಕಳು ವರ್ಷಕ್ಕೊಮ್ಮೆ ಶ್ರಾದ್ಧ ಮಾಡುತ್ತಾರೆ. ಸಂನ್ಯಾಸಿಗೆ ಶ್ರಾದ್ಧವಿಲ್ಲ, ಅವನ ದೇಹವನ್ನು ಸುಡುವುದಿಲ್ಲ, ಸಮಾಧಿ ಮಾಡುತ್ತಾರೆ, ಪ್ರತಿವರ್ಷ ಆ ತಿಥಿಯಂದು ನಡೆಯುವುದು ಆರಾಧನೆ. ರಾಘವೇಂದ್ರಸ್ವಾಮಿಗಳ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಗಳು ಕನ್ನಡನಾಡಿನ ಮನೆಮನೆಗೂ ಗೊತ್ತು. ತ್ಯಾಗರಾಜರು 1847ರ ಜನವರಿ 6ರಂದು, ಪರಾಭವ ಸಂವತ್ಸರದ ಪುಷ್ಯ ಬಹುಳ ಪಂಚಮಿಯ ದಿನ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಸಂನ್ಯಾಸ ಸ್ವೀಕರಿಸಿದ್ದರಿಂದ ಅವರಿಗೆ ತಿರುವಯ್ಯಾರಿನಲ್ಲಿ, ಕಾವೇರಿಯ ದಂಡೆಯ ಮೇಲೆ ಸಮಾಧಿಯಾಯಿತು. ಹಾಗಾಗಿಯೇ ಅವರದು ಆರಾಧನೆ. ಪುರಂದರದಾಸರು ಹೆಂಡತಿ ಮಕ್ಕಳೊಡನೆ ಬಾಳಿದ ಹರಿದಾಸರು, ಸಂನ್ಯಾಸಿಯಲ್ಲ. ಶಾಸ್ತ್ರದ ಲೆಕ್ಕದಲ್ಲಿ ಅವರದು ಪುಣ್ಯದಿನ. ಆದರೆ ದಾಸಪಂಥದ ಭಕ್ತರೂ ಸಂಗೀತಗಾರರೂ ಅದನ್ನು ಆರಾಧನೆ ಎಂದೇ ಕರೆದುಕೊಂಡು ಬಂದಿದ್ದಾರೆ. ಯತಿಗೆ ಮೀಸಲಾಗಿದ್ದ ಪದ ಹೀಗೆ ಹಾಡುಗಾರರಿಗೂ ಸಂದಿತು.

ತಿಥಿಗಳನ್ನು ಆಚರಿಸುವುದಕ್ಕೆ ಬಹಳ ಮೊದಲಿನಿಂದಲೂ ಈ ಪರಂಪರೆಗೆ ಹಿರಿಯರನ್ನು ಗೌರವಿಸುವ ಇನ್ನೊಂದು ದಾರಿ ಗೊತ್ತಿತ್ತು: ಅವರ ಮೇಲೆ ಹಾಡು ಕಟ್ಟುವುದು. ಪುರಂದರದಾಸರನ್ನು ಅವರ ಗುರು ವ್ಯಾಸರಾಯರೇ ಒಂದು ಪದದಲ್ಲಿ ಹೊಗಳಿದರು. ಗುರು ಶಿಷ್ಯನ ಗುಣಗಾನ ಮಾಡಿದ ಆ ಪದ ಇಂದಿಗೂ ಭಜನೆಗಳಲ್ಲಿ ಹಾಡಿಕೆಯಲ್ಲಿದೆ. ಎರಡು ಶತಮಾನಗಳ ನಂತರ ತಂಜಾವೂರು ಸೀಮೆಯ ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯದ ಆರಂಭದಲ್ಲಿ ಪುರಂದರದಾಸರಿಗೆ ವಂದನೆ ಸಲ್ಲಿಸಿದರು. ತ್ಯಾಗರಾಜರ ಶಿಷ್ಯ ವಾಲಾಜಾಪೇಟೆ ವೆಂಕಟರಮಣ ಭಾಗವತರು ಗುರುವಿನ ಮೇಲೆ ಸಂಸ್ಕೃತದಲ್ಲಿ ಮಂಗಳಾಷ್ಟಕ ಬರೆದರು. ಆ ಭಾಗವತರ ಶಿಷ್ಯರಾಗಿ ಮೈಸೂರು ಆಸ್ಥಾನಕ್ಕೆ ಬಂದ ಸದಾಶಿವರಾಯರು ತ್ಯಾಗರಾಜರನ್ನು ಕೊಂಡಾಡಿ ತೋಡಿಯಲ್ಲಿ ಒಂದು ಕೃತಿ ಮಾಡಿದರು. ಮೈಸೂರು ವಾಸುದೇವಾಚಾರ್ಯರು ತ್ಯಾಗರಾಜರ ಮೇಲೆ ಮಾಡಿದ ಕೃತಿ ಕಲ್ಯಾಣಿಯಲ್ಲಿದೆ. ಆಚಾರ್ಯರು ಅಷ್ಟಕ್ಕೇ ನಿಲ್ಲದೆ, ತಾವು ಕಣ್ಣಾರೆ ಕಂಡ ವಿದ್ವಾಂಸರನ್ನು ಕುರಿತು ‘ನಾ ಕಂಡ ಕಲಾವಿದರು’ ಎಂಬ ಪುಸ್ತಕವನ್ನೂ ಬರೆದರು. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ‘ಕಲೋಪಾಸಕರು’ ಎಂದೇ ಒಂದು ಸಂಪುಟವಿದೆ. ಸಂಗೀತಗಾರರನ್ನು ಗದ್ಯದಲ್ಲಿ ಗೌರವಿಸಿದ ಕನ್ನಡದ ಬರಹಗಳಲ್ಲಿ ಇವೆರಡೂ ಮುಖ್ಯವಾದವು.

ವಾಲಾಜಾಪೇಟೆ ಎಂಬ ಊರು ಇಲ್ಲಿ ಸ್ವಲ್ಪ ಗಮನಿಸಬೇಕಾದದ್ದು. ಅದು ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹೆದ್ದಾರಿಯ ಪಕ್ಕದ್ದು. ತ್ಯಾಗರಾಜರ ಶಿಷ್ಯಪರಂಪರೆಯ ಮೂರು ಮುಖ್ಯ ಶಾಖೆಗಳಾದ ವಾಲಾಜಾಪೇಟೆ, ಉಮಯಾಳಪುರ, ತಿಲ್ಲೈಸ್ಥಾನಗಳಲ್ಲಿ ಮೈಸೂರು ಸೀಮೆಗೆ ಹತ್ತಿರವಿದ್ದದ್ದು ಇದೊಂದೇ. ತಿರುವಯ್ಯಾರಿನ ಪಾಠ ಬೆಂಗಳೂರಿಗೆ ಬಂದದ್ದು ಹೆಚ್ಚಾಗಿ ಈ ದಾರಿಯಿಂದ. 1864ರ ಆಗಸ್ಟ್ 1ರಂದು ಬೆಂಗಳೂರಿನ ದಂಡಿನಿಂದ, ಎಂದರೆ ಬ್ರಿಟಿಷ್ ಸೈನ್ಯದ ನೆಲೆಯಿಂದ, ಜೋಲಾರಪೇಟೆಗೆ ರೈಲು ಓಡತೊಡಗಿತು. ಮದರಾಸಿನ ರೈಲುದಾರಿಗೆ ಬೆಂಗಳೂರು ಸೇರಿಕೊಂಡದ್ದು ಹೀಗೆ, ಮೊದಲು ದಂಡಿನ ಮೂಲಕ. ಆಮೇಲೆ ಎರಡೂ ಕಡೆಯ ವಿದ್ವಾಂಸರಿಗೆ ಎತ್ತಿನ ಗಾಡಿಯ ದಿನಗಟ್ಟಲೆಯ ಪಯಣ ತಪ್ಪಿತು.

ಶಿಷ್ಯರು ಹಾಡುಗಳನ್ನು ಕಾಪಾಡಿದರು, ಆದರೆ ಸಮಾಧಿಯನ್ನು ಕಾಪಾಡುವವರಿರಲಿಲ್ಲ. ತ್ಯಾಗರಾಜರು ತೀರಿಕೊಂಡ ಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿ ಅವರ ತಿಥಿಯನ್ನು ಶಿಷ್ಯರು ತಮ್ಮ ತಮ್ಮ ಊರುಗಳಲ್ಲೇ ನಡೆಸುತ್ತಿದ್ದರು. ತಿರುವಯ್ಯಾರಿನ ಸಮಾಧಿ ಗಿಡಗಂಟಿಗಳಲ್ಲಿ ಮುಚ್ಚಿಹೋಗಿತ್ತು. 1903ರಲ್ಲಿ ಉಮಯಾಳಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಅದನ್ನು ದುರಸ್ತಿ ಮಾಡಿಸಿದರು. ಕೆಲವು ವರ್ಷಗಳ ತರುವಾಯ ತಿಲ್ಲೈಸ್ಥಾನದ ನರಸಿಂಹ ಭಾಗವತರು ಮತ್ತು ಪಂಜು ಭಾಗವತರು ಅಲ್ಲೇ ಆರಾಧನೆ ನಡೆಸತೊಡಗಿದರು. ಇಬ್ಬರೂ ಅಣ್ಣತಮ್ಮಂದಿರು, ಆದರೂ ಮನಸ್ತಾಪ ಹುಟ್ಟಿತು. ದೊಡ್ಡ ಪಕ್ಷ, ಚಿಕ್ಕ ಪಕ್ಷ ಎಂದು ಸಂಗೀತಲೋಕವೇ ಎರಡಾಗಿ ಒಂದೇ ಊರಿನಲ್ಲಿ ಎರಡು ಆರಾಧನೆಗಳು ನಡೆದವು. ಜಗಳ ಆರಾಧನೆಗೆ ಸೀಮಿತವಾಗಿದ್ದರಿಂದ ಸಮಾಧಿಯ ಸ್ಥಳ ಮತ್ತೆ ಹಾಳುಬಿತ್ತು. ಒಂದು ವಿಷಯದಲ್ಲಿ ಮಾತ್ರ ಎರಡು ಪಕ್ಷಗಳಿಗೂ ಒಮ್ಮತವಿತ್ತು: ಹೆಂಗಸರು ಅಲ್ಲಿ ಹಾಡಕೂಡದು.

ಆರಂಭದಲ್ಲಿ ಹೇಳಿದ ಗಾಯಕಿ ಬೆಂಗಳೂರು ನಾಗರತ್ನಮ್ಮ 1878ರ ನವೆಂಬರ್ 3ರಂದು ನಂಜನಗೂಡಿನಲ್ಲಿ ಹುಟ್ಟಿದರು. ತಾಯಿ ಪುಟ್ಟಲಕ್ಷ್ಮಿ, ದೇವದಾಸಿ ಕುಲದವರು. ಬಾಲ್ಯ ಕಳೆದದ್ದು ಮೈಸೂರಿನಲ್ಲಿ, ಬಡತನದಲ್ಲಿ. ಅಲ್ಲಿ ಸಂಸ್ಕೃತ ಕಲಿತರು. ಎಳೆಯ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರಿಗೆ ಸಂಗೀತ ಕಲಿಸಿದ ಮುನಿಸ್ವಾಮಪ್ಪನವರು ವಾಲಾಜಾಪೇಟೆ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಹೀಗಾಗಿ ತ್ಯಾಗರಾಜರ ಕೃತಿಗಳು ನಾಗರತ್ನಮ್ಮನವರಿಗೆ ಬಂದದ್ದು ನೇರ ಶಿಷ್ಯಪರಂಪರೆಯಲ್ಲಿ. ಮುಂದೆ ಸಂಗೀತ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರಿಂದಲೂ ಪಾಠವಾಯಿತು. ಮೈಸೂರು ಅರಮನೆಯಲ್ಲಿ ಹಾಡಿ ಹೆಸರು ಮಾಡಿದ ಮೇಲೆ ಬೆಂಗಳೂರಿನಲ್ಲಿ ಕೆಲಕಾಲ ಇದ್ದು, ಆಮೇಲೆ ಮದರಾಸಿಗೆ ಹೋಗಿ ನೆಲೆಸಿದರು. ಅಲ್ಲಿ ಕಛೇರಿಗಳಿಂದ ಕೈತುಂಬ ಸಂಪಾದಿಸಿದರು. ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಹರಿಕಥೆ ಮಾಡುವಷ್ಟು ವಿದ್ವತ್ತು ಅವರದು.

ತ್ಯಾಗರಾಜರ ಸಮಾಧಿಯ ಕೆಲಸಕ್ಕೆ ಮೊದಲೇ ಅವರು ಮರೆತುಹೋದ ಇನ್ನೊಬ್ಬರನ್ನು ಬೆಳಕಿಗೆ ತಂದಿದ್ದರು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರ ಕಾವ್ಯ ಬರೆದಿದ್ದಳು. ಆಗ ಸಿಗುತ್ತಿದ್ದ ಮುದ್ರಿತ ಪ್ರತಿಯಲ್ಲಿ ಅನೇಕ ಪದ್ಯಗಳನ್ನು ಕೈಬಿಡಲಾಗಿತ್ತು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಪಾಠ ಸರಿಪಡಿಸಿ, 1910ರಲ್ಲಿ ಪೂರ್ಣ ರೂಪದಲ್ಲಿ ಅಚ್ಚು ಹಾಕಿಸಿದರು. ಹೆಣ್ಣೊಬ್ಬಳು ಬರೆದ ಶೃಂಗಾರವನ್ನು ಇನ್ನೊಬ್ಬ ಹೆಣ್ಣು ಪ್ರಕಟಿಸಿದ್ದನ್ನು ಅಂದಿನ ಸುಧಾರಕರು ಸಹಿಸಲಿಲ್ಲ. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಟಂಗುಟೂರಿ ಪ್ರಕಾಶಂ ಮದರಾಸಿನ ಪ್ರಧಾನಿಯಾಗಿದ್ದಾಗ, 1947ರಲ್ಲಿ ಆ ನಿಷೇಧ ಹೋಯಿತು. ಸಮಾಧಿಯ ಕೆಲಸದ ಜೊತೆಗೇ ಈ ಪ್ರಸಂಗವನ್ನೂ ನೆನೆಯಬೇಕು. ಎರಡರಲ್ಲೂ ಕಾಣುವುದು ಒಂದೇ ಹಠ: ದೊಡ್ಡದನ್ನು ಕೊಟ್ಟುಹೋದವರನ್ನು ಲೋಕ ಮರೆಯಬಾರದು.

1921ರಲ್ಲಿ ಬಿಡಾರಂ ಕೃಷ್ಣಪ್ಪನವರು ತಿರುವಯ್ಯಾರಿಗೆ ಹೋಗಿದ್ದಾಗ ಸಮಾಧಿಯ ದುಃಸ್ಥಿತಿ ಕಂಡು ಶಿಷ್ಯೆಗೆ ಪತ್ರ ಬರೆದರು. ಅದೇ ದಿನಗಳಲ್ಲಿ ತ್ಯಾಗರಾಜರು ಕನಸಿನಲ್ಲಿ ಬಂದರೆಂದು ನಾಗರತ್ನಮ್ಮ ಹೇಳಿಕೊಂಡಿದ್ದಾರೆ. ಅವರು ತಡಮಾಡಲಿಲ್ಲ. ಆಭರಣ ಮಾರಿದರು, ಸಮಾಧಿಯ ಸುತ್ತಲಿನ ಜಾಗ ಕೊಂಡರು, 1921ರ ಅಕ್ಟೋಬರ್ 27ರಂದು ಗುಡಿಗೆ ಅಸ್ತಿಭಾರ ಹಾಕಿಸಿದರು. 1925ರ ಜನವರಿ 7ರಂದು ತ್ಯಾಗರಾಜರ ವಿಗ್ರಹ ಪ್ರತಿಷ್ಠೆಯಾಗಿ ಕುಂಭಾಭಿಷೇಕ ನಡೆಯಿತು. ನಿತ್ಯಪೂಜೆಗೂ ಏರ್ಪಾಡಾಯಿತು. ಅವರ ಹುಟ್ಟೂರು ನಂಜನಗೂಡು ಕಪಿಲೆಯ ದಂಡೆಯದು. ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಿ, ಕಾವೇರಿ ತಿರುವಯ್ಯಾರಿನ ಆ ಗುಡಿಯ ಮುಂದೆ ಹರಿಯುತ್ತದೆ.

ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡಲು ಅವಕಾಶವಿರಲಿಲ್ಲ. ಎರಡೂ ಪಕ್ಷಗಳು ಒಪ್ಪದೆ ಹೋದಾಗ 1927ರಲ್ಲಿ ನಾಗರತ್ನಮ್ಮ ಹೆಂಗಸರದೇ ಒಂದು ಪಕ್ಷ ಕಟ್ಟಿದರು; ತಮಿಳಿನಲ್ಲಿ ಅದಕ್ಕೆ ‘ಪೆಣ್ಗಳ್ ಕಚ್ಚಿ’ ಎಂದು ಹೆಸರಾಯಿತು. ಸಮಾಧಿಯ ಹಿಂಭಾಗದಲ್ಲಿ ಅವರ ಆರಾಧನೆ ಪ್ರತ್ಯೇಕವಾಗಿ ನಡೆಯಿತು. ದೇವದಾಸಿ ಮನೆತನಗಳ ಗಾಯಕಿಯರು ಊರೂರುಗಳಿಂದ ಬಂದು ಅಲ್ಲಿ ಹಾಡಿದರು. ಮೂರು ಪಕ್ಷಗಳ ಈ ಸ್ಥಿತಿ ಹದಿಮೂರು ಹದಿನಾಲ್ಕು ವರ್ಷ ಮುಂದುವರಿಯಿತು. ಕೊನೆಗೆ ಐ.ಸಿ.ಎಸ್. ಅಧಿಕಾರಿ ಎಸ್.ವೈ. ಕೃಷ್ಣಸ್ವಾಮಿಯವರೂ ಹಿರಿಯ ವಿದ್ವಾಂಸರೂ ಸೇರಿ ರಾಜಿ ಮಾಡಿಸಿದರು. 1941ರ ಹೊತ್ತಿಗೆ ಎಲ್ಲ ಪಕ್ಷಗಳೂ ಒಂದಾಗಿ, ಗಂಡಸರೂ ಹೆಂಗಸರೂ ಸೇರಿ ಒಂದೇ ಆರಾಧನೆ ನಡೆಯುವಂತಾಯಿತು. ನಾಗರತ್ನಮ್ಮ ಕೊನೆಯ ವರ್ಷಗಳನ್ನು ತಿರುವಯ್ಯಾರಿನಲ್ಲೇ ಕಳೆದು, ಆಸ್ತಿಯನ್ನು ಸಮಾಧಿಯ ಸೇವೆಗೆ ಬರೆದಿಟ್ಟು, 1952ರ ಮೇ 19ರಂದು ತೀರಿಕೊಂಡರು. ತ್ಯಾಗರಾಜರ ಗುಡಿಯ ಸಮೀಪವೇ ಅವರ ಸಮಾಧಿಯೂ ಇದೆ. ಅಲ್ಲಿನ ಅವರ ವಿಗ್ರಹ ಗುರುವಿನತ್ತ ಮುಖಮಾಡಿ ಕೈಮುಗಿದು ಕುಳಿತಿದೆ.

ಈಗ ಎಲ್ಲೆಡೆ ನಡೆಯುವ ಗೋಷ್ಠಿಗಾಯನ ರೂಢಿಗೆ ಬಂದದ್ದು ಈ ರಾಜಿಯ ಕಾಲದಲ್ಲೇ. ಅದಕ್ಕೆ ಮುಂಚೆ ವಿದ್ವಾಂಸರು ಒಬ್ಬೊಬ್ಬರಾಗಿ ಸಮಾಧಿಯ ಮುಂದೆ ಹಾಡುತ್ತಿದ್ದರು. ಯಾರು ಮೊದಲು, ಯಾರಿಗೆ ಎಷ್ಟು ಹೊತ್ತು ಎಂಬುದೇ ಕಲಹಕ್ಕೆ ಕಾರಣವಾಗುತ್ತಿತ್ತು. ಎಲ್ಲರೂ ಒಟ್ಟಿಗೆ ಹಾಡಿದರೆ ಆ ಪ್ರಶ್ನೆಯೇ ಏಳುವುದಿಲ್ಲ. ಇದಕ್ಕೆ ಆರಿಸಿಕೊಂಡದ್ದು ಘನರಾಗ ಪಂಚರತ್ನ: ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಐದು ಕೃತಿಗಳು. ಆಯ್ಕೆ ಬಹಳ ವಿವೇಕದ್ದು. ಐದೂ ಆದಿತಾಳದಲ್ಲಿವೆ, ಆದ್ದರಿಂದ ನೂರಾರು ಜನರ ತಾಳ ಕೂಡುತ್ತದೆ. ಚರಣಗಳು ಸ್ವರ ಮತ್ತು ಸಾಹಿತ್ಯವಾಗಿ ಹೆಣೆದುಕೊಂಡಿರುವುದರಿಂದ ಮನೋಧರ್ಮಕ್ಕೆ ಎಡೆ ಕಡಿಮೆ. ಪಾಠ ಒಂದೇ ಆಗಿದ್ದರೆ ದೊಡ್ಡ ವಿದ್ವಾಂಸರೂ ಎಂಟನೆಯ ತರಗತಿಯ ಹುಡುಗಿಯೂ ಪಕ್ಕಪಕ್ಕ ಕುಳಿತು ಹಾಡಬಹುದು. ನಾಟದ ಕೃತಿ ಸಂಸ್ಕೃತದ್ದು, ಉಳಿದ ನಾಲ್ಕು ತೆಲುಗಿನವು. ಕೊನೆಯ ಶ್ರೀರಾಗದ ಕೃತಿಯಂತೂ ಹಿಂದಿನ ಭಕ್ತರನ್ನೂ ಗಾಯಕರನ್ನೂ ಬಗೆಬಗೆಯಾಗಿ ನೆನೆದು ನಮಸ್ಕರಿಸುವಂಥದ್ದು. ಹಿರಿಯರ ಗೌರವವೇ ವಸ್ತುವಾಗಿರುವ ಕೃತಿಯಿಂದ ಹಿರಿಯನೊಬ್ಬನ ಗೌರವ ಮುಗಿಯುತ್ತದೆ.

ವರಾಳಿಯ ವಿಷಯದಲ್ಲಿ ಒಂದು ವಿಶೇಷವಿದೆ. ಆ ರಾಗವನ್ನು ಗುರು ಎದುರಿಗೆ ಕೂರಿಸಿಕೊಂಡು ಪಾಠ ಮಾಡಬಾರದು, ಮಾಡಿದರೆ ಗುರುಶಿಷ್ಯರಲ್ಲಿ ಮನಸ್ತಾಪ ಬರುತ್ತದೆ ಎಂಬ ನಂಬಿಕೆ ಸಂಗೀತದ ಮನೆಗಳಲ್ಲಿ ಬಲವಾಗಿತ್ತು. ಈಗಲೂ ಅದನ್ನು ಪಾಲಿಸುವವರಿದ್ದಾರೆ. ಅಂಥವರಿಗೆ ವರಾಳಿಯ ಪಂಚರತ್ನ ಕಲಿಯಲು ಇದ್ದ ದಾರಿ ಗೋಷ್ಠಿಯಲ್ಲಿ ಕುಳಿತು ಕೇಳಿಸಿಕೊಳ್ಳುವುದು. ವರ್ಷವರ್ಷವೂ ಹಿಂದಿನ ಸಾಲಿನಲ್ಲಿ ಕೂತು, ಮೊದಲು ತುಟಿ ಆಡಿಸಿ, ಆಮೇಲೆ ಮೆಲ್ಲನೆ ದನಿಗೂಡಿಸಿ ಆ ಕೃತಿಯನ್ನು ವಶಮಾಡಿಕೊಂಡವರು ಎಷ್ಟೋ ಮಂದಿ. ಹೀಗೆ ಆರಾಧನೆ ಪಾಠಶಾಲೆಯೂ ಆಯಿತು.

ಬೆಂಗಳೂರಿನ ದಂಡಿಗೆ ಈ ಪದ್ಧತಿ ಹೇಗೆ ಬಂತೆಂದು ತಿಳಿಯಲು ದಂಡಿನ ಕಥೆಯನ್ನು ಒಂದಿಷ್ಟು ನೋಡಬೇಕು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ಹಲಸೂರಿನ ಬಳಿಗೆ ತಂದರು. ಸೈನ್ಯದ ಹಿಂದೆ ಮದರಾಸು ಪ್ರಾಂತ್ಯದಿಂದ ಗುತ್ತಿಗೆದಾರರು, ವರ್ತಕರು, ಕುಶಲಕರ್ಮಿಗಳು ಬಂದರು. ಹೆಚ್ಚಿನವರು ತಮಿಳು ಮಾತಿನವರು. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ಹಿಂದಿರುಗಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಹಳೆಯ ಊರಾದ ಪೇಟೆಗೊಂದು ಪುರಸಭೆ, ದಂಡಿಗೊಂದು ಪುರಸಭೆ. 1949ರಲ್ಲಿ ಎರಡೂ ಸೇರಿ ನಗರಪಾಲಿಕೆಯಾಗುವವರೆಗೆ ಇವು ಎರಡು ಊರುಗಳಂತೆಯೇ ಇದ್ದವು. ಸಂಗೀತದ ಸಂಸ್ಥೆಗಳು ಬೆಳೆದದ್ದು ಪೇಟೆಯ ಕಡೆ. 1905ರಷ್ಟು ಹಳೆಯದಾದ ಬೆಂಗಳೂರು ಗಾಯನ ಸಮಾಜ ಆ ಕಡೆಯದು, 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ರಾಮೋತ್ಸವ ಚಾಮರಾಜಪೇಟೆಯದು. ದಂಡಿನಲ್ಲಿ ಕೇಳುತ್ತಿದ್ದದ್ದು ಕವಾಯತಿನ ಬ್ಯಾಂಡು, ಚರ್ಚುಗಳ ಗಾಯನವೃಂದ, ಶಿವಾಜಿನಗರದ ದರ್ಗಾಗಳ ಉರುಸಿನ ಕವ್ವಾಲಿ, ದೇವಸ್ಥಾನಗಳ ನಾಗಸ್ವರ.

ಉರುಸಿಗೂ ಆರಾಧನೆಗೂ ಒಂದು ಹೋಲಿಕೆ ಕಾಣುತ್ತದೆ. ಉರುಸ್ ಎಂಬ ಮಾತಿನ ಮೂಲಾರ್ಥ ಮದುವೆ. ಸೂಫಿ ಸಂತ ದೇಹ ಬಿಟ್ಟ ದಿನ ಅವನು ದೇವರೊಡನೆ ಒಂದಾದ ದಿನವೆಂದು, ಅಳುವ ಬದಲು ಹಾಡಿ ಆಚರಿಸುತ್ತಾರೆ. ಕವ್ವಾಲರು ಆ ರಾತ್ರಿ ತಮ್ಮ ಪರಂಪರೆಯ ಆದಿಗುರುವೆಂದು ನಂಬಿರುವ ಅಮೀರ್ ಖುಸ್ರೋನ ರಚನೆಗಳನ್ನು ಹಾಡುತ್ತಾರೆ. ಮರಣದ ದಿನವನ್ನು ಹಾಡಿನ ದಿನವಾಗಿಸುವ ಎರಡು ಪರಂಪರೆಗಳು ಶಿವಾಜಿನಗರಕ್ಕೂ ಹಲಸೂರಿಗೂ ನಡುವಿನ ಸ್ವಲ್ಪ ದೂರದಲ್ಲೇ ಇವೆ.

ಹಲಸೂರಿನ ಸೋಮೇಶ್ವರ ದೇವಸ್ಥಾನ ದಂಡಿಗಿಂತ ಹಲವು ಶತಮಾನ ಹಳೆಯದು. ಅಲ್ಲಿನ ಜಾತ್ರೆಯ ಪಲ್ಲಕ್ಕಿ ಉತ್ಸವದಲ್ಲಿ ಸುತ್ತಲಿನ ಗುಡಿಗಳ ದೇವರು ಹೂವಿನ ಪಲ್ಲಕ್ಕಿಗಳಲ್ಲಿ ಹೊರಟು, ರಾತ್ರಿಯಿಡೀ ಬೀದಿಗಳಲ್ಲಿ ನಾಗಸ್ವರ, ಡೋಲುಗಳ ಸದ್ದಿರುತ್ತದೆ. ಕಛೇರಿಗೆ ಟಿಕೆಟ್ಟು ಕೊಳ್ಳಲಾರದ, ಸಭೆಗಳ ಬಾಗಿಲು ಕಾಣದ ಜನ ಕೃತಿಗಳನ್ನು ಕೇಳಿದ್ದು ಈ ಬೀದಿಗಳಲ್ಲಿ, ನಾಗಸ್ವರದವರ ಉಸಿರಿನಲ್ಲಿ. ಓಲಗದವರು ತ್ಯಾಗರಾಜರ ಕೃತಿಗಳನ್ನು ಊರಿಗೆ ಹಂಚಿದ ಬಗೆಗೆ ಸಂಗೀತ ಚರಿತ್ರೆಗಳು ಇನ್ನೂ ಹೆಚ್ಚು ಬರೆಯಬೇಕಾಗಿತ್ತು. ಆರಾಧನೆಯಂದು ದೇವರ ಪಟ ಅಥವಾ ತ್ಯಾಗರಾಜರ ಪಟದ ಮೆರವಣಿಗೆ ಹೊರಟರೆ ಮುಂದೆ ನಡೆಯುವವರು ಇಂದಿಗೂ ಅವರೇ.

ಪೂರ್ವದ ಬಡಾವಣೆಗಳಿಗೆ ಸಂಗೀತ ಸಭೆಯ ಆರಾಧನೆ ಬಂದದ್ದು ಕಾರ್ಖಾನೆಗಳ ಬೆನ್ನಿಗೆ. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಐ.ಟಿ.ಐ., ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಶುರುವಾದವು. ಮೈಸೂರು ಸೀಮೆ, ತಂಜಾವೂರು, ಪಾಲ್ಘಾಟು, ಆಂಧ್ರಗಳಿಂದ ಬಂದ ನೌಕರರು ಕ್ವಾರ್ಟರ್ಸುಗಳಲ್ಲಿ ನೆರೆಹೊರೆಯವರಾದರು. ಗಣೇಶೋತ್ಸವ, ರಾಮನವಮಿ, ಆರಾಧನೆಗಳು ಕಾಲೊನಿಯ ದೇವಸ್ಥಾನದ ಪ್ರಾಂಗಣದಲ್ಲಿ, ಶಾಮಿಯಾನದ ಕೆಳಗೆ ನಡೆದವು. ಇಂದಿರಾನಗರ ಬಡಾವಣೆ ಬೆಳೆದ ಮೇಲೆ ನಿವೃತ್ತರಾದವರಲ್ಲಿ ಹಲವರು ಅಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿನ ಇಂದಿರಾನಗರ ಸಂಗೀತ ಸಭಾ ತನ್ನ ಸಭಾಂಗಣಕ್ಕೆ ಇಟ್ಟ ಹೆಸರು ‘ಪುರಂದರ ಭವನ’. ಹೊರಗಿನಿಂದ ಬಂದ ಜನ ಹೆಚ್ಚಾಗಿರುವ ಪೂರ್ವಭಾಗದಲ್ಲಿ ನಿಂತ ಸಂಗೀತದ ಮನೆಗೆ ಕನ್ನಡದ ವಾಗ್ಗೇಯಕಾರನ ಹೆಸರು ದೊರೆತದ್ದು ಸಂತೋಷದ ಸಂಗತಿ.

ಆರಾಧನೆಯ ದಿನ ಉಂಛವೃತ್ತಿಯಿಂದ ಆರಂಭವಾಗುತ್ತದೆ. ತ್ಯಾಗರಾಜರು ರಾಜಾಶ್ರಯ ಒಲ್ಲದೆ ಬೀದಿಯಲ್ಲಿ ಹಾಡುತ್ತ ಹೋಗಿ, ಜನ ಕೊಟ್ಟ ಅಕ್ಕಿಯಿಂದ ಬದುಕಿದರು. ಪುರಂದರದಾಸರು ನವಕೋಟಿ ನಾರಾಯಣನೆಂಬ ಹೆಸರು ಬಿಟ್ಟು ಮಧುಕರ ವೃತ್ತಿ ಹಿಡಿದರು. ಅದರ ನೆನಪಿಗೆ ಹಿರಿಯರೊಬ್ಬರು ಹೆಗಲಿಗೆ ತಂಬೂರಿ, ತಲೆಗೆ ರುಮಾಲು, ಕೈಗೆ ಚಿಟಿಕೆ, ಜೊತೆಗೊಂದು ತಾಮ್ರದ ಪಾತ್ರೆ ಹಿಡಿದು ಹೊರಡುತ್ತಾರೆ. ಹಿಂದೆ ಹೆಂಗಸರು, ಮಕ್ಕಳು ದೇವರನಾಮ ಹಾಡುತ್ತ ನಡೆಯುತ್ತಾರೆ. ಮನೆಯವರು ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಟ್ಟು, ಬಂದವರ ಪಾತ್ರೆಗೆ ಅಕ್ಕಿ ಸುರಿಯುತ್ತಾರೆ. ಆ ಅಕ್ಕಿ ಅಂದಿನ ಊಟದ ಅಡುಗೆಗೆ ಸೇರುತ್ತದೆ. ಸ್ವತಂತ್ರ ಮನೆಗಳ ಜಾಗದಲ್ಲಿ ಅಂಗಡಿ, ಹೋಟೆಲು, ಅಪಾರ್ಟ್‌ಮೆಂಟುಗಳು ಎದ್ದಿರುವ ಕಡೆ ಬಾಗಿಲಿನಿಂದ ಬಾಗಿಲಿಗೆ ಹೋಗುವುದು ಕಷ್ಟ. ಹಾಗಾಗಿ ಅನೇಕ ಕಡೆ ಉಂಛವೃತ್ತಿ ದೇವಸ್ಥಾನದ ಸುತ್ತಿನ ಒಂದೆರಡು ಬೀದಿಗಳಿಗೆ ಇಳಿದಿದೆ. ಅಷ್ಟನ್ನಾದರೂ ಬಿಡದೆ ನಡೆಸುವವರ ಶ್ರದ್ಧೆ ಮೆಚ್ಚುವಂಥದ್ದು. ಹಾಡನ್ನು ವೇದಿಕೆಯಿಂದ ಬೀದಿಗೆ ಇಳಿಸುವ ಭಾಗ ಇದೊಂದೇ.

ಆಮೇಲೆ ಪಟಕ್ಕೆ ಪೂಜೆ, ಗುರುಸ್ತುತಿ, ಪಂಚರತ್ನ. ಐದು ಕೃತಿಗಳಿಗೆ ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಪಿಟೀಲು, ಕೊಳಲು, ವೀಣೆಯವರು ಗಾಯಕರ ನಡುವೆಯೇ ಕುಳಿತು ಅದೇ ಸಾಹಿತ್ಯವನ್ನು ನುಡಿಸುತ್ತಾರೆ. ಮೃದಂಗದವರು ನಾಲ್ಕೈದು ಮಂದಿ ಇದ್ದರೂ ಒಬ್ಬರಂತೆ ನಡೆಯಬೇಕು. ಬೆಂಗಳೂರಿನ ಬಡಾವಣೆಗಳ ಗೋಷ್ಠಿಗಳಲ್ಲಿ ಈಗ ಮುಂದಿನ ಸಾಲುಗಳಲ್ಲಿ ಹೆಚ್ಚಾಗಿ ಕಾಣುವವರು ಹೆಂಗಸರು: ಪಾಠ ಹೇಳುವ ವಿದುಷಿಯರು, ಅವರ ಶಿಷ್ಯೆಯರು. ಸಮಾಧಿಯ ಹಿಂಭಾಗದಲ್ಲಿ ಪ್ರತ್ಯೇಕವಾಗಿ ಹಾಡಬೇಕಾಗಿ ಬಂದ ಕಾಲಕ್ಕೂ ಈ ಸಾಲುಗಳಿಗೂ ನಡುವೆ ನೂರು ವರ್ಷವೂ ಆಗಿಲ್ಲ.

ಕರ್ನಾಟಕದ ಆರಾಧನೆಗೆ ತಿರುವಯ್ಯಾರಿನಲ್ಲಿಲ್ಲದ ಒಂದು ಲಕ್ಷಣವಿದೆ. ಇಲ್ಲಿನ ಆಹ್ವಾನಪತ್ರಿಕೆಗಳಲ್ಲಿ ಬಹುಮಟ್ಟಿಗೆ ‘ಶ್ರೀ ಪುರಂದರದಾಸರ ಮತ್ತು ಶ್ರೀ ತ್ಯಾಗರಾಜರ ಆರಾಧನೆ’ ಎಂದು ಎರಡು ಹೆಸರೂ ಇರುತ್ತವೆ. ಕೆಲವೊಮ್ಮೆ ಕನಕದಾಸರದೂ ಸೇರುತ್ತದೆ. ಪಂಚಮಿಗೂ ಅಮಾವಾಸ್ಯೆಗೂ ಹತ್ತೇ ದಿನವಾದ್ದರಿಂದ ಎರಡನ್ನೂ ಕೂಡಿಸುವುದು ಅನುಕೂಲ. ಅದಕ್ಕಿಂತ ಮುಖ್ಯವಾಗಿ, ಈ ಸಂಗೀತದ ಪಾಠಕ್ರಮವೇ ಪುರಂದರದಾಸರದೆಂಬುದು ಪರಂಪರೆಯ ಮಾತು. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ. ಚೆನ್ನೈ, ತಿರುವನಂತಪುರ, ವಿಜಯವಾಡ ಎಲ್ಲೇ ಆದರೂ ಮಗು ಹಾಡುವ ಮೊದಲ ಸಾಹಿತ್ಯ ಅವರದೇ. ಕರ್ನಾಟಕ ಸಂಗೀತ ಪಿತಾಮಹ ಎಂಬ ಬಿರುದು ಅವರಿಗೆ ಸಂದದ್ದು ಇದಕ್ಕಾಗಿ. ಅವರು 1564ರ ಪುಷ್ಯ ಅಮಾವಾಸ್ಯೆಯಂದು ತೀರಿಕೊಂಡರು. ಮರುವರ್ಷವೇ ತಾಳಿಕೋಟೆಯ ಯುದ್ಧವಾಗಿ ಹಂಪೆ ಹಾಳಾಯಿತು. ತುಂಗಭದ್ರೆಯ ದಡದಲ್ಲಿ, ವಿಠ್ಠಲ ದೇವಾಲಯದ ಸಮೀಪ ಅವರ ಹೆಸರಿನ ಮಂಟಪವೊಂದು ಉಳಿದಿದೆ. ಅವರ ಪದಗಳು ಉಳಿದದ್ದು ದಾಸರ ಬಾಯಲ್ಲಿ, ಹೆಂಗಸರ ಹಾಡಿನ ಪುಸ್ತಕಗಳಲ್ಲಿ. ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರ ರಚನೆಗಳೆಂಬ ಪ್ರತೀತಿಯಲ್ಲಿ ಇಂದು ಸಿಕ್ಕಿರುವುದು ಅಲ್ಪಭಾಗ. ತ್ಯಾಗರಾಜರ ಪಂಚರತ್ನಕ್ಕೆ ಜೊತೆಯಾಗಿ ದಾಸರ ಒಂಬತ್ತು ಪದಗಳನ್ನು ಆರಿಸಿ ‘ನವರತ್ನ ಮಾಲಿಕೆ’ ಎಂದು ಗೋಷ್ಠಿಯಲ್ಲಿ ಹಾಡುವ ಪದ್ಧತಿ ಬೆಳೆದಿದೆ. ದೇವರನಾಮಗಳ ಮೂಲ ಮಟ್ಟುಗಳು ಬಹುಪಾಲು ಕಳೆದುಹೋಗಿ ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುವುದರಿಂದ, ಗೋಷ್ಠಿಗೆ ಮೊದಲು ಪಾಠ ಒಂದು ಮಾಡಿಕೊಳ್ಳುವುದೇ ದೊಡ್ಡ ಕೆಲಸ. ಪಂಚರತ್ನದಷ್ಟು ಸಲೀಸಾಗಿ ಅದು ಎಲ್ಲೆಡೆ ಹರಡದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ತ್ಯಾಗರಾಜರನ್ನು ಬಿಟ್ಟರೆ ಉಳಿದ ಇಬ್ಬರಿಗೆ ಇಷ್ಟು ದೊಡ್ಡ ಆಚರಣೆ ಇಲ್ಲ. ಮುತ್ತುಸ್ವಾಮಿ ದೀಕ್ಷಿತರು 1835ರಲ್ಲಿ ತೀರಿಕೊಂಡದ್ದು ನರಕ ಚತುರ್ದಶಿಯಂದು. ಮನೆಮನೆಯಲ್ಲೂ ದೀಪಾವಳಿಯ ಎಣ್ಣೆಸ್ನಾನದ ದಿನ ಜನ ಸಭೆಗೆ ಬರುವುದು ಕಷ್ಟ. ಶ್ಯಾಮಾಶಾಸ್ತ್ರಿಗಳ ದಿನವನ್ನು ಸಂಗೀತ ಶಾಲೆಗಳು ಚಿಕ್ಕದಾಗಿ ಆಚರಿಸುತ್ತವೆ.

ಬೇರೆ ಬಗೆಯ ಗೌರವಗಳೂ ಇವೆ. ಅಂಚೆ ಇಲಾಖೆ 1961ರಲ್ಲಿ ತ್ಯಾಗರಾಜರ, 1964ರಲ್ಲಿ ಪುರಂದರದಾಸರ ಅಂಚೆಚೀಟಿ ಹೊರಡಿಸಿತು. ಪಿಟೀಲು ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ ಕಟ್ಟಿದ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ. ಗಾಯನ ಸಮಾಜ ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷರಿಗೆ ‘ಸಂಗೀತ ಕಲಾರತ್ನ’ ಬಿರುದು ಕೊಡುತ್ತದೆ. ಇವೆಲ್ಲ ಬೇಕಾದವೇ. ಆದರೆ ಬಿರುದು ಬದುಕಿರುವವರಿಗೆ, ಅಂಚೆಚೀಟಿ ಒಂದು ಸಲಕ್ಕೆ, ಕಟ್ಟಡ ಊರಿಗೊಂದೇ.

ಪುತ್ಥಳಿಯ ಕಷ್ಟ ಏನೆಂಬುದನ್ನು ಹಲಸೂರಿನ ಜನ ಕಣ್ಣೆದುರೇ ಕಂಡಿದ್ದಾರೆ. ಹಲಸೂರು ಕೆರೆಯ ಬಳಿ 1991ರಲ್ಲಿ ಸಿದ್ಧವಾಗಿದ್ದ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ, ಭಾಷೆಯ ವಿವಾದದಿಂದ ಹದಿನೆಂಟು ವರ್ಷ ಮುಸುಕಿನೊಳಗೇ ನಿಂತಿತ್ತು. 2009ರ ಆಗಸ್ಟ್ 9ರಂದು ಅದರ ಅನಾವರಣವಾಯಿತು. ನಾಲ್ಕು ದಿನದ ನಂತರ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯ ಅನಾವರಣ ನಡೆಯಿತು. ಸಂಗೀತವೂ ಭಾಷೆಯ ತಕರಾರಿನಿಂದ ಹೊರತಾಗಿರಲಿಲ್ಲ. 1940ರ ದಶಕದಲ್ಲಿ ತಮಿಳ್ ಇಶೈ ಚಳವಳಿ, ತಮಿಳುನಾಡಿನ ಕಛೇರಿಗಳಲ್ಲಿ ತಮಿಳು ಹಾಡುಗಳಿಗೆ ಜಾಗವಿಲ್ಲವೆಂದು ನ್ಯಾಯವಾದ ಪ್ರಶ್ನೆಯನ್ನೇ ಎತ್ತಿತ್ತು. ಆದರೂ ಹಲಸೂರು, ಇಂದಿರಾನಗರಗಳ ಗೋಷ್ಠಿಯಲ್ಲಿ ಮನೆಯಲ್ಲಿ ತಮಿಳಾಡುವವರು ಕನ್ನಡದ ಪುರಂದರದಾಸರನ್ನೂ, ಕನ್ನಡಿಗರು ತೆಲುಗಿನ ತ್ಯಾಗರಾಜರನ್ನೂ ಹಾಡಿಕೊಂಡು ಬಂದಿದ್ದಾರೆ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಒಬ್ಬರು, ತಮಿಳು ಲಿಪಿಯಲ್ಲಿ ಇನ್ನೊಬ್ಬರು ಬರೆದುಕೊಂಡು ಪಕ್ಕಪಕ್ಕ ಕುಳಿತಿರುತ್ತಾರೆ.

ಪಂಚರತ್ನವಾದ ಮೇಲೆ ವೇದಿಕೆ ಸ್ಥಳೀಯರದು. ಒಬ್ಬೊಬ್ಬರಿಗೆ ಐದೋ ಹತ್ತೋ ನಿಮಿಷ. ಮೊದಲ ಸಲ ಹಾಡುವ ಮಕ್ಕಳೂ ಮೂವತ್ತು ವರ್ಷದಿಂದ ಹಾಡುತ್ತಿರುವವರೂ ಒಂದೇ ಸರದಿಯಲ್ಲಿ ಬರುತ್ತಾರೆ. ಸಂಭಾವನೆ ಇರುವುದಿಲ್ಲ, ತಾಂಬೂಲ ಪ್ರಸಾದ ಕೊಡುತ್ತಾರೆ. ಸಂಜೆ ಕರೆಸಿದ ವಿದ್ವಾಂಸರ ಕಛೇರಿ. ಕೊನೆಗೆ ಆಂಜನೇಯೋತ್ಸವ: ರಾಮನ ಬಂಟ ಹನುಮನ ಪಟದ ಮುಂದೆ ಕೃತಿಗಳನ್ನು ಹಾಡಿ, ವಡೆಯ ಸರ ಏರಿಸಿ, ಮಂಗಳಾರತಿ ಎತ್ತಿದರೆ ಆ ವರ್ಷದ ಆರಾಧನೆ ಮುಗಿಯಿತು.